ಪೇಂಟ್ ಮೇಲೇ ಟೈಲ್ಸ್ ಅಂಟಿಸಬೇಡಿ
ಒಲೆ ಹಿಂದಿನ ಗೋಡೆಯ ಹಳೇ ಪೇಂಟ್ ಮೇಲೇ ಟೈಲ್ಸ್ ಅಂಟಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅಂಟು ಹಿಡಿಯುವುದು ಪೇಂಟನ್ನು, ಗೋಡೆಯನ್ನಲ್ಲ. ಪೇಂಟ್ ಎದ್ದರೆ ಟೈಲ್ಸ್ ಕೂಡ ಅದರ ಜೊತೆಗೇ ಬೀಳುತ್ತವೆ. ಮೊದಲು ಎಣ್ಣೆ ಜಿಡ್ಡನ್ನು ಸೋಪು ನೀರಿನಲ್ಲಿ ತೊಳೆಯಿರಿ. ಆಮೇಲೆ ಪೇಂಟ್ ಕೆರೆದು ತೆಗೆಯಿರಿ. ತುಂಬಾ ಹಳೇ ಪೇಂಟಿನಲ್ಲಿ ಸೀಸ ಅನ್ನುವ ವಿಷದ ಲೋಹ ಇರಬಹುದು, ಹಾಗಾಗಿ ಒಣಗಿದ್ದಾಗ ಉಜ್ಜಬೇಡಿ. ಒದ್ದೆ ಮಾಡಿಕೊಂಡೇ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ. ಗೋಡೆ ಪೂರ್ತಿ ಒಣಗಲಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಅಡುಗೆ ಕಟ್ಟೆ ಮಟ್ಟವಾಗಿದೆ ಅಂತ ಸುಮ್ನೆ ನಂಬಬೇಡಿ. ಮಟ್ಟ ನೋಡಿ, ಗೋಡೆ ಮೇಲೆ ಗೆರೆ ಹಾಕಿಕೊಂಡೇ ಮೊದಲ ಸಾಲು ಕೂರಿಸಿ. ಕಟ್ಟೆಗೂ ಟೈಲ್ಸ್‌ಗೂ ನಡುವೆ 2-3 ಮಿ.ಮೀ. ಸಂದು ಬಿಡಿ. ಅಲ್ಲಿಗೆ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಸಿಮೆಂಟಿನಂಥ ಪೇಸ್ಟ್) ಬೇಡ, ಸಿಲಿಕೋನ್ (ರಬ್ಬರಿನಂತೆ ಬಾಗುವ ಅಂಟು) ತುಂಬಿ. ಗ್ರೌಟ್ ಆ ಜಾಗದಲ್ಲಿ ಬಿರುಕು ಬಿಟ್ಟು ನೀರು ಒಳಗೆ ಇಳಿಯುತ್ತದೆ.