ಓದುಗರ ಪ್ರಶ್ನೆ: ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಹಚ್ಬಹುದಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕಾರಿನ ಒಳಗಿನ ಕ್ಲೀನಿಂಗ್ ಬಗ್ಗೇನೇ ಇತ್ತು, ಅದಕ್ಕೆ ಎಲ್ಲಾನೂ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಕಾರು ದಿನಾ ಆಫೀಸ್ ಮುಂದೆ ಬಿಸಿಲಲ್ಲೇ ನಿಲ್ಲುತ್ತೆ, ಡ್ಯಾಶ್‌ಬೋರ್ಡ್ ಬಿಳಚ್ಕೊಂಡಿದೆ. ಕೊಬ್ಬರಿ ಎಣ್ಣೆ ಒರೆಸಿದ್ರೆ ಹೊಸದರ ಥರ ಆಗುತ್ತೆ ಅಂತಾರೆ, ಹಚ್ಬಹುದಾ? (ಓದುಗರು, ಕಲಬುರಗಿ)

ದಯವಿಟ್ಟು ಬೇಡ. ಹಚ್ಚಿದ ದಿನ ಮಿರಮಿರ ಮಿಂಚುತ್ತೆ ನಿಜ, ಆದ್ರೆ ಆ ಎಣ್ಣೆ ಪ್ಲಾಸ್ಟಿಕ್ ಒಳಗೆ ಇಳಿಯಲ್ಲ, ಮೇಲೇ ಕೂತು ಊರಲ್ಲಿರೋ ಧೂಳನ್ನೆಲ್ಲ ಹಿಡ್ಕೊಳುತ್ತೆ, ನಿಮ್ಮ ಕಡೆ ಬೇಸಿಗೇಲಿ ಕಾದು ಕಾದು ಕಮಟು ವಾಸನೆ ಬೇರೆ ಹೊಡೆಯುತ್ತೆ. ಅದಕ್ಕಿಂತ ಅಪಾಯ ಅಂದ್ರೆ ಹೊಳೆಯೋ ಡ್ಯಾಶ್‌ಬೋರ್ಡಿನ ಬಿಂಬ ಮುಂದಿನ ಗಾಜಿನ ಮೇಲೆ ಬಿದ್ದು ಮಧ್ಯಾಹ್ನದ ಹೊತ್ತು ರೋಡೇ ಸರಿಯಾಗಿ ಕಾಣಲ್ಲ. ಅಂಗಡೀಲಿ ಸಿಗೋ ಜಿಡ್ಡು ಜಿಡ್ಡು ಸಿಲಿಕೋನ್ ಪಾಲಿಶ್‌ದೂ ಇದೇ ಗೋಳು.

ಬಿಸಿಲು ಎಷ್ಟು ಕೆಲಸ ಮಾಡುತ್ತೆ ಅಂತ ಒಂದು ಲೆಕ್ಕ ಕೊಡ್ತೀನಿ. ಅಮೆರಿಕದ ಅರಿಜೋನಾದಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕಡು ಬೇಸಿಗೆಯ ಬಿಸಿಲಲ್ಲಿ ಬರೀ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಸ್ಟೀರಿಂಗ್ 53, ಸೀಟು 51. ಆ ಕಾವಿಗೆ ಪ್ಲಾಸ್ಟಿಕ್ಕನ್ನ ಮೆತ್ತಗೆ ಇಡೋ ಅಂಶ ಆವಿಯಾಗಿ ಹೋಗುತ್ತೆ, ಗಾಜಿನ ಒಳಗಡೆ ಮಂಜು ಥರ ಜಿಡ್ಡು ಕೂರುತ್ತಲ್ಲ, ಅದ್ರಲ್ಲಿ ಒಂದಷ್ಟು ಅಲ್ಲಿಂದ ಬಂದಿದ್ದೇ. ಹೋಗಿರೋ ಬಣ್ಣ ವಾಪಸ್ ಬರಲ್ಲ, ಉಳಿದಿರೋದನ್ನ ಉಳಿಸ್ಕೊಬೇಕು ಅಷ್ಟೇ. ಹಾಗಾಗಿ ಮೊದಲು ಮುಂದಿನ ಗಾಜಿಗೆ ಒಳಗಿಂದ ಅಡ್ಡ ಇಡೋ ಒಂದು ಸನ್‌ಶೇಡ್ ತಗೊಳಿ, ಯಾವ ಪಾಲಿಶ್‌ಗಿಂತ್ಲೂ ಅದೇ ದೊಡ್ಡ ರಕ್ಷಣೆ. ಆಮೇಲೆ ಮೆತ್ತನೆ ಬ್ರಶ್‌ನಲ್ಲಿ ಧೂಳು ತೆಗೆದು, ಒಂದು ಮಗ್ ನೀರಿಗೆ ನಾಲ್ಕೈದು ಹನಿ ಕಾರ್ ಶಾಂಪೂ ಹಾಕಿ, ಮೈಕ್ರೋಫೈಬರ್ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಒಣಬಟ್ಟೇಲಿ ಇನ್ನೊಂದ್ಸಲ ಒರೆಸಿ. ಕೊನೇಲಿ ಬೇಕಿದ್ರೆ ಬಿಸಿಲಿನ ಯುವಿ ಕಿರಣ ತಡೆಯೋ, ಹೊಳಪಿಲ್ಲದ ಮ್ಯಾಟ್ ಫಿನಿಶ್, ವಾಟರ್ ಬೇಸ್ಡ್ ಪ್ರೊಟೆಕ್ಟೆಂಟ್ (ರಕ್ಷಣೆಗೆ ಹಚ್ಚೋ ದ್ರವ) ತೆಳ್ಳಗೆ ಹಚ್ಚಿ. ಸ್ಟೀರಿಂಗ್‌ಗೆ, ಪೆಡಲ್‌ಗೆ ಮಾತ್ರ ಏನೂ ಹಚ್ಬೇಡಿ, ಜಾರುತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ಮೂರು ವಾರ ಶೆಡ್‌ನಲ್ಲಿ ನಿಂತಿದ್ದಕ್ಕೇ ಸೀಟು, ಬೆಲ್ಟು, ಸ್ಟೀರಿಂಗ್ ಎಲ್ಲಾ ಬೂಷ್ಟು ಹಿಡಿದಿದೆ. ಒರೆಸಿದ್ರೂ ಹತ್ತು ದಿನಕ್ಕೆ ಮತ್ತೆ ಬರುತ್ತೆ. (ಓದುಗರು, ತೀರ್ಥಹಳ್ಳಿ)

ಮಲೆನಾಡಲ್ಲಿ ಕಾರಿಟ್ಕೊಂಡವರಿಗೆಲ್ಲ ಇದು ಗೊತ್ತಿರೋ ಕಷ್ಟ. ಬರೀ ಮೇಲಿನದನ್ನ ಒರೆಸ್ತಿದೀರಾ, ಒಳಗೆ ತೇವ ಹಾಗೇ ಉಳ್ಕೊಂಡಿದೆ, ಅದಕ್ಕೇ ವಾಪಸ್ ಬರ್ತಿದೆ. ಮೊದಲು ಕಾಲಿಡೋ ಜಾಗದ ಮ್ಯಾಟ್ ತೆಗೆದು ಕಾರ್ಪೆಟ್ಟನ್ನ ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ ನೋಡಿ, ಅದ್ರ ಕೆಳಗಿರೋ ಫೋಮ್ ಸ್ಪಂಜಿನ ಥರ, ಒಂದ್ಸಲ ನೀರು ಕುಡಿದ್ರೆ ವಾರಗಟ್ಟಲೆ ಬಿಡಲ್ಲ. ಮುಂದಿನ ಎಡಗಡೆ ಸೀಟಿನ ಕಾಲ ಹತ್ರ ಒದ್ದೆ ಇದ್ರೆ ಎಸಿ ನೀರು ಹೊರಗೆ ಹೋಗೋ ಪೈಪು ಕಟ್ಕೊಂಡಿರೋ ಸಾಧ್ಯತೆ ಜಾಸ್ತಿ. ಎಸಿ ಹಾಕಿ ಹದಿನೈದು ನಿಮಿಷ ಬಿಟ್ಟು ಕಾರಿನ ಅಡಿ ನೋಡಿ, ನಿಮ್ಮ ಹವೆಯಲ್ಲಿ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ತಿಲ್ಲ ಅಂದ್ರೆ ಮೆಕ್ಯಾನಿಕ್ ಹತ್ರ ಹೋಗಿ. ಬೇರೆ ಕಡೆ ಒದ್ದೆ ಇದ್ರೆ ಬಾಗಿಲ ರಬ್ಬರು, ಸನ್‌ರೂಫ್ ಇದ್ರೆ ಅದರ ಡ್ರೈನ್ ಚೆಕ್ ಮಾಡ್ಸಿ.

ಕ್ಲೀನ್ ಮಾಡೋವಾಗ ಶೆಡ್ಡಿಂದ ಹೊರಗೆ ತನ್ನಿ, ನಾಲ್ಕೂ ಬಾಗಿಲು ತೆಗೀರಿ, ಮಾಸ್ಕ್ ಹಾಕ್ಕೊಳಿ, ಒಣ ಬ್ರಶ್‌ನಲ್ಲಿ ಕೊಡವಬೇಡಿ, ಆ ಪುಡಿಯೆಲ್ಲ ಹಾರಿ ಮೂಗಿಗೂ ಪಕ್ಕದ ಸೀಟಿಗೂ ಹೋಗುತ್ತೆ. ಸೋಪ್ ನೀರಿನ ಬಟ್ಟೇಲಿ ಒರೆಸಿ, ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಇನ್ನೊಂದ್ಸಲ ಒರೆಸಿ ಪೂರ್ತಿ ಒಣಗಿಸಿ, ವಿನೆಗರ್ ವಾಸನೆ ಒಂದೆರಡು ದಿನದಲ್ಲಿ ಹೋಗುತ್ತೆ. ಸೀಟ್‌ಬೆಲ್ಟನ್ನ ಪೂರ್ತಿ ಹೊರಗೆಳೆದು, ವಾಪಸ್ ಹೋಗದಂಗೆ ಒಂದು ಕ್ಲಿಪ್ ಹಾಕಿ, ಮೃದು ಸೋಪಲ್ಲಿ ಒರೆಸಿ ಒಣಗಿದ ಮೇಲೇನೇ ಒಳಗೆ ಬಿಡಿ. ಬ್ಲೀಚಿಂಗ್ ಮಾತ್ರ ತಾಗಿಸ್ಬೇಡಿ, ಎಳೆಗಳು ದುರ್ಬಲ ಆಗ್ತವೆ, ನಿಮ್ಮ ಜೀವ ಹಿಡಿಯೋ ಪಟ್ಟಿ ಅದು. ಇನ್ನು ಮುಂದೆ ಮಳೆಗಾಲದಲ್ಲಿ ಓಡಿಸೋ ಕೆಲಸ ಇಲ್ದಿದ್ರೂ ವಾರಕ್ಕೊಂದ್ಸಲ ಅರ್ಧ ಗಂಟೆ ಎಸಿ ಹಾಕ್ಕೊಂಡು ಓಡಿಸಿ, ಎಸಿ ತಂಪಿನ ಜೊತೆ ಗಾಳಿಯ ತೇವಾನೂ ಹಿಂಡಿ ತೆಗೆಯುತ್ತೆ. ಒದ್ದೆ ಛತ್ರಿ ಸೀಟಿನ ಕೆಳಗೆ ತುರುಕಬೇಡಿ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಮಗಳು ಹಿಂದಿನ ಸೀಟಲ್ಲಿ ವಾಂತಿ ಮಾಡಿದ್ಳು. ಮನೆಗೆ ಬಂದು ಬಿಸಿನೀರಲ್ಲಿ ತಿಕ್ಕಿ ಸೆಂಟ್ ಹೊಡೆದ್ವಿ, ಬಿಸಿಲಿಗೆ ನಿಂತ್ರೆ ವಾಸನೆ ಇನ್ನೂ ಬರುತ್ತೆ. (ಓದುಗರು, ಮಂಗಳೂರು)

ಬಿಸಿನೀರು ಹಾಕಿದ್ದೇ ತೊಂದರೆ ಆಗಿರೋದು. ಹಾಲು, ಮೊಟ್ಟೆ, ವಾಂತಿ ಇವುಗಳಲ್ಲಿರೋ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ಬಟ್ಟೆಯ ಎಳೆಗೆ ಅಂಟ್ಕೊಳುತ್ತೆ, ತಿಕ್ಕಿದ್ರೆ ಇನ್ನೂ ಒಳಗೆ ಹೋಗುತ್ತೆ. ಈಗಲೂ ಟೈಮ್ ಮೀರಿಲ್ಲ. ಇಂಥ ಪ್ರೋಟೀನನ್ನ ಒಡೆಯೋ ಎನ್‌ಜೈಮ್ ಇರೋ ಕ್ಲೀನರ್ ಸಿಗುತ್ತೆ, ಅದನ್ನ ಕಲೆಯ ಮೇಲೆ ಹಾಕಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ತಣ್ಣೀರಿನ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೀರಿ, ಒಣಗಿದ ಮೇಲೆ ಅಡುಗೆ ಸೋಡಾ ಧಾರಾಳವಾಗಿ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಬೆಲ್ಟ್ ಸಿಕ್ಕಿಸೋ ಸಂದು ಮರೀಬೇಡಿ, ಎಷ್ಟೋ ಸಲ ವಾಸನೆ ಕೂತಿರೋದು ಅಲ್ಲೇ. ಸೆಂಟ್ ಬೇಡ್ವೇ ಬೇಡ, ಘಾಟಿಯಲ್ಲಿ ಆ ಘಾಟಿಗೇ ಮಗುಗೆ ಮತ್ತೆ ಹೊಟ್ಟೆ ತೊಳಸುತ್ತೆ ಪಾಪ.

ಪ್ರಶ್ನೆ: ಸರ್ವೀಸ್ ಮಾಡೋವ್ರು ಸೀಟಿಗೆ ಲೆದರ್ ಕ್ರೀಮ್ ಹಚ್ಚಿಸ್ಲೇಬೇಕು ಅಂತಿದಾರೆ. ನಿಜಾನಾ? ಮೇಲೆ ಸೀಟ್ ಕವರ್ ಹಾಕಿಸ್ಲಾ? (ಓದುಗರು, ಹುಬ್ಬಳ್ಳಿ)

ನಮ್ಮಲ್ಲಿ ಮಾಮೂಲಿ ಬಜೆಟ್ ಕಾರುಗಳಲ್ಲಿ ಬರೋದು ಹೆಚ್ಚಾಗಿ ಲೆದರೆಟ್, ಅಂದ್ರೆ ಬಟ್ಟೆ ಮೇಲೆ ಪಿವಿಸಿ ಇಲ್ಲಾ ಪಿಯು ಅನ್ನೋ ಪ್ಲಾಸ್ಟಿಕ್ಕಿನ ಲೇಪನ, ಚರ್ಮ ಅಲ್ಲ. ಅದು ಕ್ರೀಮ್ ಕುಡಿಯಲ್ಲ, ದುಡ್ಡು ದಂಡ. ಸೋಪ್ ನೀರಿನ ಬಟ್ಟೆ ಸಾಕು. ತಿಳಿ ಬಣ್ಣದ ಸೀಟಾದ್ರೆ ಹೊಸ ಜೀನ್ಸಿನ ನೀಲಿ ಹತ್ತಿದ ತಕ್ಷಣ ಒರೆಸಿ, ಬಿಟ್ರೆ ಬಣ್ಣ ಒಳಗಿಳಿಯುತ್ತೆ, ಆಮೇಲೆ ಒರೆಸಿದ್ರೂ ಹೋಗಲ್ಲ. ಕವರ್ ಹಾಕೋಕೆ ಮುಂಚೆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅನ್ನೋ ಪಟ್ಟಿ ಹೊಲಿದಿದಾರಾ ನೋಡಿ. ಇದ್ರೆ ಮಾಮೂಲಿ ಕವರ್ ಹಾಕಿಸ್ಲೇಬೇಡಿ, ಅದು ಏರ್‌ಬ್ಯಾಗ್ ಬಿಚ್ಚಿಕೊಳ್ಳೋಕೆ ಅಡ್ಡ ಬರಬಹುದು.

ಪ್ರಶ್ನೆ: ಬಾಗಿಲಿನ ಆರ್ಮ್‌ರೆಸ್ಟ್ ಅಂಟಂಟಾಗಿ ಬೆರಳಚ್ಚು ಮೂಡಿದೆ. ಏನೂ ಚೆಲ್ಲಿಲ್ಲ. (ಓದುಗರು, ಉಡುಪಿ)

ಸಂಜೆ ಸೊಳ್ಳೆ ಕ್ರೀಮ್ ಹಚ್ಕೊಂಡು ಕಾರು ಹತ್ತುತ್ತೀರಾ? ಅದ್ರಲ್ಲಿ ಡೀಟ್ ಅನ್ನೋ ರಾಸಾಯನಿಕ ಇದ್ರೆ ಕೆಲವು ಪ್ಲಾಸ್ಟಿಕ್ಕನ್ನ, ಪೇಂಟನ್ನ ಕರಗಿಸುತ್ತೆ. ಸೋಪ್ ನೀರಲ್ಲಿ ಒರೆಸಿ ನೋಡಿ, ಅಚ್ಚು ಹೋಗಿಲ್ಲ ಅಂದ್ರೆ ಆ ಜಾಗದ ಮೇಲ್ಪದರ ಹೋಗಿದೆ ಅಂತ, ಒರೆಸಿ ಸರಿ ಹೋಗಲ್ಲ, ಪಾರ್ಟ್ ಬದಲಾಯಿಸ್ಬೇಕಾಗಬಹುದು. ಇನ್ಮೇಲೆ ಕ್ರೀಮ್ ಹಚ್ಚಿದ ಕೈ ತೊಳ್ಕೊಂಡು ಬಾಗಿಲು ಮುಟ್ಟಿ.