ಊರಿಗೆ ಮರಳಿದ ಛಾಯಾಗ್ರಾಹಕಿಗೆ ಸಂಪಾದಕರ ಉತ್ತರ

ಮಾನ್ಯರೇ,

ಹೆಸರು ಪ್ರಕಟಿಸಬಾರದೆಂದು ನೀವು ಕೋರಿರುವುದರಿಂದ, ಪತ್ರದ ಸಾರವನ್ನಷ್ಟೇ ಓದುಗರ ಮುಂದಿಟ್ಟು ಉತ್ತರಿಸುತ್ತಿದ್ದೇನೆ. ಹನ್ನೊಂದು ವರ್ಷ ಹೊರದೇಶದಲ್ಲಿದ್ದು, ಅಲ್ಲಿನ ಕುಟುಂಬಗಳ ಚಿತ್ರ ತೆಗೆಯುವುದನ್ನೇ ಜೀವನೋಪಾಯ ಮಾಡಿಕೊಂಡಿದ್ದ ನೀವು ಮೂರು ತಿಂಗಳ ಹಿಂದೆ ತಾಯ್ನಾಡಿಗೆ ಮರಳಿದ್ದೀರಿ. ಅಲ್ಲಿ ತಿಂಗಳುಗಟ್ಟಲೆ ಮುಂಚೆಯೇ ದಿನ ಗೊತ್ತುಮಾಡಿಕೊಳ್ಳುತ್ತಿದ್ದ ಗ್ರಾಹಕರಿದ್ದರು; ಇಲ್ಲಿ ನಿಮ್ಮ ಕೆಲಸದ ಪರಿಚಯ ಯಾರಿಗೂ ಇಲ್ಲ. ಇಲ್ಲಿ ತೆಗೆದ ನಾಲ್ಕಾರು ಚಿತ್ರಗಳು ನಿಮಗೇ ನಿಮ್ಮವೆನಿಸುತ್ತಿಲ್ಲ. ಕೈ ಕೆಟ್ಟಿತೇ ಅಥವಾ ನಾನೇ ಇಲ್ಲಿಗೆ ಹೊರಗಿನವಳಾದೆನೇ ಎಂದು ಕೇಳಿದ್ದೀರಿ.

ಕೈ ಕೆಟ್ಟಿಲ್ಲ. ನಿಮ್ಮ ಶೈಲಿ ಎಂದು ನೀವು ಕರೆಯುತ್ತಿರುವುದರಲ್ಲಿ ಬಹುಪಾಲು ಆ ನಾಡಿನ ಬೆಳಕಿನದು, ಮತ್ತೊಂದಿಷ್ಟು ಅಲ್ಲಿನವರು ಕ್ಯಾಮೆರಾದ ಮುಂದೆ ನಿಲ್ಲುವ ರೀತಿಯದು. ಲೆನ್ಸುಗಳನ್ನು ಪೆಟ್ಟಿಗೆಯಲ್ಲಿಟ್ಟು ತಂದಿದ್ದೀರಿ. ಇವೆರಡನ್ನೂ ಹಾಗೆ ತರಲು ಬರುವುದಿಲ್ಲ.

ಮೊದಲು ಬೆಳಕಿನ ಮಾತು. 60 ಡಿಗ್ರಿ ಅಕ್ಷಾಂಶದ ಆಸುಪಾಸಿನಿಂದ ಸಮಭಾಜಕ ವೃತ್ತದ ಸಮೀಪಕ್ಕೆ ಬಂದಿರುವುದಾಗಿ ಬರೆದಿದ್ದೀರಿ. ಉತ್ತರದ ಆ ನಾಡುಗಳಲ್ಲಿ ಸೂರ್ಯ ಓರೆಯಾಗಿ ಜಾರಿಕೊಂಡು ಮುಳುಗುತ್ತಾನೆ. ಸಮಭಾಜಕದ ಬಳಿ ಹೆಚ್ಚುಕಡಿಮೆ ನೆಟ್ಟಗೆ ಇಳಿದುಬಿಡುತ್ತಾನೆ. ಹಗಲಿರುಳು ಸಮವಾಗಿರುವ ದಿನಗಳಲ್ಲಿ, ದಿಗಂತದಿಂದ 6 ಡಿಗ್ರಿ ಎತ್ತರದಲ್ಲಿರುವ ಸೂರ್ಯ ಕಣ್ಮರೆಯಾಗಲು ಅಲ್ಲಿ ಸುಮಾರು 48 ನಿಮಿಷ ಬೇಕಾದರೆ ಇಲ್ಲಿ ಅದರ ಅರ್ಧ, ಅಂದರೆ 24 ನಿಮಿಷ ಸಾಕು. ಸಂಜೆಯ ಹೊಂಬೆಳಕನ್ನು ನಂಬಿ ಮಕ್ಕಳನ್ನು ಆಡಲು ಬಿಟ್ಟು, ಅವರು ನಿಮ್ಮನ್ನು ಮರೆಯುವವರೆಗೆ ಕಾಯುತ್ತಿದ್ದ ನಿಮ್ಮ ಹಳೆಯ ಪದ್ಧತಿಗೆ ಇಲ್ಲಿ ಸಮಯವೇ ಸಾಲದು. ಮಧ್ಯಾಹ್ನದ ಬಿಸಿಲೂ ನೆತ್ತಿಯ ಮೇಲಿಂದಲೇ ಬಿದ್ದು ಕಣ್ಣುಗುಳಿಗಳನ್ನು ಕಪ್ಪಾಗಿಸುತ್ತದೆ. ಆದ್ದರಿಂದ ಒಂದಷ್ಟು ಕಾಲ ಸಂಜೆಯನ್ನು ಬಿಟ್ಟು ಬಾಗಿಲನ್ನು ಹಿಡಿಯಿರಿ. ತೆರೆದ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಮುಖ ಹೊರಗಿನ ಆಕಾಶದತ್ತ ಇರುವಂತೆ ಮಗುವನ್ನು ಕೂರಿಸಿ ನೋಡಿ: ಬಿಸಿಲು ಎಷ್ಟೇ ಕಟುವಾಗಿದ್ದರೂ ಒಳಗೆ ಬರುವ ಬೆಳಕು ಮೆತ್ತಗಿರುತ್ತದೆ, ಕಣ್ಣಿನಲ್ಲಿ ಬಾಗಿಲಿನ ಸಣ್ಣ ಬಿಳಿ ಚೌಕ ಮೂಡುತ್ತದೆ, ಹಿಂದಿನ ಕೋಣೆ ತಾನಾಗಿಯೇ ಕತ್ತಲಾಗುತ್ತದೆ.

ಇಲ್ಲಿ ಎಲ್ಲರೂ ಸಾಲಾಗಿ ನಿಂತು ಮೈ ಬಿಗಿ ಹಿಡಿಯುತ್ತಾರೆ ಎಂದು ಬೇಸರಪಟ್ಟಿದ್ದೀರಿ. ಈ ವಿಷಯದಲ್ಲಿ ನನಗೆ ನಿಮ್ಮ ಬಗ್ಗೆ ಸ್ವಲ್ಪ ತಕರಾರಿದೆ. ಹಿರಿಯರೊಬ್ಬರು ಅಂಗಿಯ ಗುಂಡಿ ಸರಿಮಾಡಿಕೊಂಡು ನೆಟ್ಟಗೆ ನಿಂತರೆಂದರೆ ಆ ಚಿತ್ರಕ್ಕೆ ಅವರು ಮರ್ಯಾದೆ ಕೊಟ್ಟರೆಂದೇ ಅರ್ಥ. ಅದನ್ನು ಕೃತಕವೆಂದು ತಳ್ಳಿಹಾಕುವುದು ಸಲ್ಲದು. ಅವರು ಬಯಸಿದ ಸಾಲಿನ ಚಿತ್ರವನ್ನು ಮೊದಲು ಶ್ರದ್ಧೆಯಿಂದ ತೆಗೆಯಿರಿ, ಆಮೇಲೆ ಕ್ಯಾಮೆರಾ ಕೆಳಗಿಳಿಸಬೇಡಿ. ನಮ್ಮ ಮನೆಯ ಗೋಡೆಯ ಮೇಲೆ ಅಂಥದೊಂದು ಚಿತ್ರವಿದೆ: ಎಲ್ಲ ಮುಗಿಯಿತೆಂದು ಅಪ್ಪ ಪಕ್ಕಕ್ಕೆ ತಿರುಗಿದ್ದಾರೆ, ತಮ್ಮನ ಹೆಗಲಿನಿಂದ ಎತ್ತುತ್ತಿರುವ ಅವರ ಕೈ ಮಸುಕಾಗಿದೆ, ಅಮ್ಮ ಯಾರಿಗೋ ಏನೋ ಹೇಳುತ್ತಿದ್ದಾರೆ. ಛಾಯಾಗ್ರಾಹಕರು ಅದನ್ನು ಕೆಟ್ಟುಹೋದ ಪ್ರತಿಯೆಂದು ಪುಕ್ಕಟೆಯಾಗಿ ಕೊಟ್ಟಿದ್ದರು. ಹಣ ಕೊಟ್ಟು ಪಡೆದ ಸಾಲಿನ ಚಿತ್ರ ಎಲ್ಲಿದೆಯೋ ಈಗ ಯಾರಿಗೂ ಗೊತ್ತಿಲ್ಲ.

ದರದ ಬಗ್ಗೆ ಹೆಚ್ಚು ಹೇಳಲಾರೆ. ಅಲ್ಲಿನ ದರವನ್ನು ವಿನಿಮಯದ ಲೆಕ್ಕದಲ್ಲಿ ಇಲ್ಲಿಗೆ ತಿರುಗಿಸಬೇಡಿ; ಚಿತ್ರ ತೆಗೆಯುವ, ಆರಿಸುವ, ತಿದ್ದುವ ಮತ್ತು ಓಡಾಡುವ ಗಂಟೆಗಳನ್ನೆಲ್ಲ ಕೂಡಿಸಿ ಇಲ್ಲಿನ ಖರ್ಚಿಗೆ ತಕ್ಕಂತೆ ಹೊಸದಾಗಿ ಲೆಕ್ಕ ಹಾಕಿ. ನೆಂಟರು ಬಿಟ್ಟಿಯಾಗಿ ಕೇಳುತ್ತಾರೆ. ಯಾರಿಗೆ ಬಿಟ್ಟಿ, ಯಾರಿಗಲ್ಲ ಎಂಬುದನ್ನು ಅವರು ಕೇಳುವ ಮೊದಲೇ ತೀರ್ಮಾನಿಸಿಕೊಂಡಿರಿ.

ಹಳೆಯ ಕಡತಗಳ ವಿಷಯಕ್ಕೆ ನೀವು ಒಂದೇ ಸಾಲು ಮೀಸಲಿಟ್ಟಿದ್ದೀರಿ, ನನಗೆ ಅದು ದೊಡ್ಡದಾಗಿ ಕಾಣುತ್ತದೆ. ಎರಡು ಹಾರ್ಡ್ ಡಿಸ್ಕ್‌ಗಳೂ ಒಂದೇ ಕಪಾಟಿನಲ್ಲಿದ್ದರೆ, ಬೆಂಕಿಗೋ ಕಳ್ಳನಿಗೋ ಅವು ಒಂದೇ ಡಿಸ್ಕ್ ಇದ್ದಂತೆ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ರೂಢಿಯ ನಿಯಮವನ್ನು ಈ ವಾರವೇ ಪಾಲಿಸಿ. ಇಂತಿಷ್ಟು ಕಾಲ ಮಾತ್ರ ಕಡತಗಳನ್ನು ಇಟ್ಟುಕೊಂಡಿರುತ್ತೇನೆ ಎಂದು ಹಳೆಯ ಗ್ರಾಹಕರಿಗೂ ಬರೆದು ತಿಳಿಸಿ. ಅವರ ಮಕ್ಕಳ ಚಿತ್ರಗಳನ್ನು ಇಲ್ಲಿನ ಪ್ರಚಾರಕ್ಕೆ ಬಳಸುವ ಯೋಚನೆಯಿದ್ದರೆ ಹೊಸದಾಗಿ ಅನುಮತಿ ಕೇಳುವುದು ಒಳ್ಳೆಯದು. ಅಂದು ಒಪ್ಪಿದಾಗ ಎರಡು ವರ್ಷದವನಾಗಿದ್ದ ಹುಡುಗ ಇಂದು ಹದಿಮೂರರವನು. ಅವನಿಗೂ ಒಂದು ಅಭಿಪ್ರಾಯವಿರುತ್ತದೆ. ಇನ್ನು, ತೇವದ ಹವೆಯಲ್ಲಿ ಲೆನ್ಸಿನೊಳಗೆ ಬೂಸ್ಟು ಬೆಳೆಯುತ್ತದೆ, ಆದ್ದರಿಂದ ತೇವಾಂಶವನ್ನು ಶೇ. 40ರಿಂದ 50ರಷ್ಟಕ್ಕೆ ಹಿಡಿದಿಡುವ ಮುಚ್ಚಿದ ಪೆಟ್ಟಿಗೆಯಲ್ಲಿ ಅವುಗಳನ್ನು ಇಡಿ.

ಪತ್ರದ ತುದಿಯಲ್ಲಿ, ಸಹಿಯ ಕೆಳಗೆ, ಸಣ್ಣ ಅಕ್ಷರಗಳಲ್ಲಿ ಬರೆದಿರುವ ಮಾತಿಗೆ ಈಗ ಬರುತ್ತೇನೆ. ನೂರಾರು ಮನೆಗಳ ಆಲ್ಬಮ್ ಮಾಡಿಕೊಟ್ಟ ನಿಮ್ಮ ಬಳಿ ಈ ಹನ್ನೊಂದು ವರ್ಷಗಳ ನಿಮ್ಮ ತಂದೆತಾಯಿಯ ಚಿತ್ರವೆಂದು ಇರುವುದು ವಿಡಿಯೊ ಕರೆಯ ಸ್ಕ್ರೀನ್‌ಶಾಟ್‌ಗಳು ಮಾತ್ರ. ಒಂದರಲ್ಲಿ ಅಪ್ಪನ ಹಣೆಯಷ್ಟೇ ಇದೆ, ಇನ್ನೊಂದರಲ್ಲಿ ಅಮ್ಮ ಫೋನನ್ನು ಗದ್ದದ ಕೆಳಗೆ ಹಿಡಿದಿದ್ದಾರೆ. ಅವುಗಳನ್ನು ಅಳಿಸಬೇಡಿ. 1080 x 1920 ಪಿಕ್ಸೆಲ್‌ನ ಒಂದು ಸ್ಕ್ರೀನ್‌ಶಾಟ್ ಅನ್ನು ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಿದರೆ 3.6 x 6.4 ಇಂಚಿನ ಚಿತ್ರ ಸಿಗುತ್ತದೆ. ಆಲ್ಬಮ್ಮಿನ ಪುಟಕ್ಕೆ ಅಷ್ಟು ಸಾಕು. ದಿನಾಂಕದ ಕ್ರಮದಲ್ಲಿ ಅಂಟಿಸಿ, ಹಣೆಯನ್ನೂ ಬಿಡದೆ. ಅದರ ಮುಂದಿನ ಪುಟಗಳಿಗೆ ಅವರಿಬ್ಬರನ್ನೇ ಕೂರಿಸಿಕೊಂಡು ಈ ಊರಿನ ಬೆಳಕನ್ನು ಕಲಿಯಿರಿ. ಅವರಿಗೆ ಅವಸರವಿಲ್ಲ, ನೀವು ಹತ್ತು ಸಲ ಕೆಡಿಸಿದರೂ ಹನ್ನೊಂದನೆಯ ಸಲ ಅದೇ ಕುರ್ಚಿಯಲ್ಲಿ ಕೂರುತ್ತಾರೆ.

ಶುರುಮಾಡುವ ಮೊದಲು ಒಂದು ಸಣ್ಣ ಕೆಲಸವಿದೆ. ನೀವು ಪತ್ರದೊಂದಿಗೆ ಕಳಿಸಿದ ಎರಡೂ ಚಿತ್ರಗಳಲ್ಲಿ ನೆರಳು ಕಾಲ ಬುಡದಲ್ಲೇ ಇದೆ, ಆದರೆ ಕಡತದಲ್ಲಿ ದಾಖಲಾಗಿರುವ ಸಮಯ ಬೆಳಗಿನ ಆರೂವರೆ. ಕ್ಯಾಮೆರಾದ ಗಡಿಯಾರವನ್ನು ಇಲ್ಲಿನ ಸಮಯಕ್ಕೆ ತಿರುಗಿಸಿಕೊಳ್ಳಿ.

ಸಂಪಾದಕ