ಇಟಲಿಯಲ್ಲಿ ಕ್ಯಾಂಪರ್ ವ್ಯಾನಿನ ಒಳಗಿನ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಯಾರ ಹತ್ತಿರ ಹೋಗಬೇಕು?

ಜರ್ಮನಿಯಲ್ಲಿ ಬಾಡಿಗೆಗೆ ಪಡೆದ ಫಿಯಟ್ ಡುಕಾಟೊ ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ವ್ಯಾನ್), ದಿನಾ ಮೂರು ಗಂಟೆ ಓಡಿಸಿದರೂ ರಾತ್ರಿ ಒಂಬತ್ತಕ್ಕೆ ದೀಪ, ನೀರಿನ ಪಂಪು ಎರಡೂ ನಿಲ್ಲುತ್ತವೆ, ಮೆಕ್ಯಾನಿಕ್ ಮುಟ್ಟಲೇ ಒಪ್ಪಲಿಲ್ಲ ಎಂದು ಬರೆದಿದ್ದೀರಿ. ಅವರ ಮೇಲೆ ಬೇಸರ ಬೇಡ, ಅದು ಅವರ ಕೆಲಸವಲ್ಲ. ಇಟಲಿಯಲ್ಲಿ ಮೆಕ್ಕಾನಿಕೊ ಎಂದರೆ ಎಂಜಿನ್, ಬ್ರೇಕ್, ಕ್ಲಚ್. ಟೈರಿಗೆ ಗೊಮ್ಮಿಸ್ತ. ಬ್ಯಾಟರಿ, ವೈರಿಂಗ್, ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರಿಗೆ ಎಲೆತ್ರಾವ್ತೊ. ನಮ್ಮಲ್ಲಿ ಆಟೋ ಎಲೆಕ್ಟ್ರಿಷಿಯನ್ ಇರುವ ಹಾಗೆ. ನಿಮಗೆ ಬೇಕಾದವರು ಇವರೇ. ಗ್ಯಾಸ್ ಹೀಟರ್, ಫ್ರಿಜ್ ಕೆಟ್ಟರೆ ಮಾತ್ರ ಕ್ಯಾಂಪರ್ ವರ್ಕ್‌ಶಾಪೇ ಬೇಕು. ಗ್ಯಾಸ್ ಲೈನನ್ನು ಸ್ವತಃ ಬಿಚ್ಚಬೇಡಿ.

ಹೋಗುವ ಮುಂಚೆ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಕೊಳ್ಳಿ. ಎಲ್ಲ ಸ್ವಿಚ್ ಆರಿಸಿ, ಸೋಲಾರ್ ಇದ್ದರೆ ಅದನ್ನೂ ಆಫ್ ಮಾಡಿ, ಎರಡು ಗಂಟೆ ಬಿಟ್ಟು ಒಳಗಿನ ಬ್ಯಾಟರಿಯ (ದೀಪ, ಪಂಪಿಗೆ ಕರೆಂಟ್ ಕೊಡುವುದು, ಎಂಜಿನ್ ಬ್ಯಾಟರಿಯಲ್ಲ) ತುದಿಗಳಲ್ಲೇ ಅಳೆಯಿರಿ. ಸೀಸದ ಬ್ಯಾಟರಿಯಾದರೆ 12.7 ವೋಲ್ಟ್ ಸುಮಾರಾಗಿ ಪೂರ್ತಿ, 12.2 ಅರ್ಧ, 12ಕ್ಕಿಂತ ಕೆಳಗೆ ಖಾಲಿಯೇ. ಈಗ ಎಂಜಿನ್ ಸ್ಟಾರ್ಟ್ ಮಾಡಿ. 13.8ರಿಂದ 14.4ಕ್ಕೆ ಏರಿದರೆ ಚಾರ್ಜ್ ಬರುತ್ತಿದೆ, ಬ್ಯಾಟರಿಗೇ ವಯಸ್ಸಾಗಿದೆ ಎಂಬ ಅನುಮಾನ ಗಟ್ಟಿ. ಏರದೇ ಇದ್ದರೆ ಎಂಜಿನ್ ಬ್ಯಾಟರಿಯಲ್ಲಿ ಅಳೆಯಿರಿ (ಎಡಗಡೆ ಸ್ಟಿಯರಿಂಗಿನ ಡುಕಾಟೊದಲ್ಲಿ ಅದು ಡ್ರೈವರ್ ಕಾಲಡಿಯ ಮುಚ್ಚಳದ ಕೆಳಗಿದೆ). ಅಲ್ಲಿ 14 ಇದ್ದು ಒಳಗೆ 12.3ರಲ್ಲೇ ನಿಂತಿದ್ದರೆ ನಡುವಿನ ದಾರಿ ಕಡಿದಿದೆ.

ಆ ದಾರಿಯಲ್ಲಿ ಮೊದಲು ನೋಡಬೇಕಾದ್ದು ಫ್ಯೂಸ್. ಸಾಮಾನ್ಯವಾಗಿ ಎರಡು ಬ್ಯಾಟರಿಗಳ ಹತ್ತಿರವೂ ಒಂದೊಂದು ಇರುತ್ತದೆ, ಹೆಚ್ಚಾಗಿ 40 ಅಥವಾ 50 ಆಂಪಿಯರಿನವು. ಕಣ್ಣಿಗೆ ಸರಿಯಿದ್ದಂತೆ ಕಂಡರೂ ನಂಬಬೇಡಿ: ಕೂದಲೆಳೆಯ ಬಿರುಕು ಕಾಣಿಸುವುದಿಲ್ಲ. ಕಿತ್ತು, ಕರೆಂಟ್ ಹಾಯುತ್ತದೆಯೇ ಎಂದು ಎರಡೂ ತುದಿಗೆ ಮೀಟರ್ ಇಟ್ಟು ನೋಡಿ. ಹೋಲ್ಡರಿನ ಪ್ಲಾಸ್ಟಿಕ್ ಕಂದುಗಟ್ಟಿದ್ದರೆ ಅಲ್ಲಿ ಹಿಡಿತ ಸಡಿಲಾಗಿ ಕಾದಿದೆ, ತಾಮ್ರದ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ತೇವ ಹೊಕ್ಕಿದೆ ಎಂದರ್ಥ, ಹೋಲ್ಡರನ್ನೇ ಬದಲಿಸಬೇಕು. ದೊಡ್ಡ ಆಂಪಿಯರಿನ ಫ್ಯೂಸ್ ಮಾತ್ರ ಖಂಡಿತ ಹಾಕಬೇಡಿ, ಮುಂದಿನ ಸಲ ಸುಡುವುದು ವೈರು. ಫ್ಯೂಸ್ ಸರಿಯಿದ್ದು, ಓಡುವಾಗ ಫ್ರಿಜ್ಜೂ 12 ವೋಲ್ಟಿನಲ್ಲಿ ತಣ್ಣಗಾಗದಿದ್ದರೆ, ಎಂಜಿನ್ ಓಡುತ್ತಿದೆ ಎಂದು, ಎರಡು ಬ್ಯಾಟರಿಗಳನ್ನು ಜೋಡಿಸುವ ಸ್ವಿಚ್ಚಾದ ರಿಲೇಗೆ ತಿಳಿಸುವ ಡಿ-ಪ್ಲಸ್ (D+) ವೈರಿನ ಮೇಲೆ ಅನುಮಾನ ಪಡಿ. ಇದೊಂದನ್ನು ಹೇಳಿದರೆ ಎಲೆತ್ರಾವ್ತೊಗೆ ಅರ್ಧ ಹುಡುಕಾಟ ಉಳಿಯುತ್ತದೆ. ಯೂರೋ 6 ಎಂಬ ಹೊಗೆ ನಿಯಮದ ಗಾಡಿಗಳಲ್ಲಿ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸುವುದುಂಟು. ಅಂಥದ್ದರಲ್ಲಿ ವೋಲ್ಟೇಜ್ ಏರಿಸಿ ಒಳಗಿನ ಬ್ಯಾಟರಿಗೆ ಕೊಡುವ ಚಾರ್ಜಿಂಗ್ ಬೂಸ್ಟರ್ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಕೇಳಿ.

ಬ್ಯಾಟರಿ ಬದಲಿಸುವುದಾದರೆ ಹಳೆಯದರ ವಿಧ, ಆಂಪಿಯರ್-ಅವರ್, ಉದ್ದ-ಅಗಲ-ಎತ್ತರ ಬರೆದುಕೊಳ್ಳಿ. ಎಜಿಎಂ, ಜೆಲ್ ಎರಡೂ ಮುಚ್ಚಿದ ಸೀಸದ ಬ್ಯಾಟರಿಯ ವಿಧಗಳು. ಎಜಿಎಂ ತೆಗೆದು ಜೆಲ್ ಹಾಕಿದರೆ ಚಾರ್ಜರಿನ ಸೆಟ್ಟಿಂಗ್ ಕೂಡ ಬದಲಾಗಬೇಕು. ಬಿಡಿಭಾಗ ತರಿಸುವುದಾದರೆ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೇಳುತ್ತಾರೆ. ಅದು ನೋಂದಣಿ ಪತ್ರದಲ್ಲಿ 'E' ಎಂಬ ಕಲಮಿನಲ್ಲಿದೆ.

ಗಾಡಿ ಬಾಡಿಗೆಯದು, ಹಾಗಾಗಿ ಯಾರೂ ಸ್ಪ್ಯಾನರ್ ಹಿಡಿಯುವ ಮುಂಚೆ ಮಾಲೀಕ ಸಂಸ್ಥೆಯ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಎಷ್ಟು ಯೂರೋವರೆಗೆ ಕೇಳದೆ ಖರ್ಚು ಮಾಡಬಹುದು ಎಂಬ ಮಿತಿ ಸಾಮಾನ್ಯವಾಗಿ ಕರಾರಿನಲ್ಲಿರುತ್ತದೆ, ಓದಿ. ಅಂಗಡಿಯಲ್ಲಿ ಪ್ರೆವೆಂತೀವೊ, ಅಂದರೆ ಅಂದಾಜು ಪಟ್ಟಿ, ಕೇಳಿ. ಹೇಳಿದ ಮೊತ್ತದಲ್ಲಿ 22% ಈವಾ ತೆರಿಗೆ ಸೇರಿದೆಯೇ ಎಂದೂ ಕೇಳಿ. ಕಳಚಿದ ಹಳೆಯ ಭಾಗವನ್ನು ಬಿಲ್ಲಿನ ಜೊತೆ ತನ್ನಿ, ಅದಿಲ್ಲದೆ ಹಣ ವಾಪಸ್ ಕೊಡಲು ಬಾಡಿಗೆ ಸಂಸ್ಥೆಯವರು ತಕರಾರು ಮಾಡಬಹುದು. ಆಗಸ್ಟ್ 15ರ ಫೆರ್ರಗೋಸ್ತೊ ರಜೆಯ ಆಸುಪಾಸಿನಲ್ಲಿ ಎಷ್ಟೋ ಅಂಗಡಿಗಳು ವಾರಗಟ್ಟಲೆ ಬಾಗಿಲು ಹಾಕುತ್ತವೆ, ಉಳಿದ ದಿನಗಳಲ್ಲೂ ಮಧ್ಯಾಹ್ನ ಊಟದ ಬಿಡುವು ದೀರ್ಘ. ಬೆಳಿಗ್ಗೆಯೇ ಹೋಗಿ.

ಅಲ್ಲಿಯವರೆಗೆ ಕರೆಂಟ್ ಇರುವ ಕ್ಯಾಂಪ್‌ಸೈಟಿನಲ್ಲಿ ನೀಲಿ ಪ್ಲಗ್ ಹಾಕಿಕೊಂಡಿರಿ. ರಾತ್ರಿಯೆಲ್ಲ 230 ವೋಲ್ಟಿನಲ್ಲಿ ಚಾರ್ಜಾದ ಬ್ಯಾಟರಿ, ಪ್ಲಗ್ ತೆಗೆದ ಮೇಲೂ ಒಂದು ಸಂಜೆ ಪೂರ್ತಿ ತಡೆದರೆ ಹೊಸ ಬ್ಯಾಟರಿಗೆ ಹಣ ಕೊಡಬೇಡಿ.